ಕಾಫಿ ಹೌಸ್ ಗೋಡೆಯ ಮೇಲಿನ ಎಕೆಜಿ

ಕಣ್ಣೂರು, ತೃಶ್ಶೂರು ಕಡೆಗೆ ಹೋದ ಗಡಿನಾಡಿನವರಲ್ಲಿ ಇಂಡಿಯನ್ ಕಾಫಿ ಹೌಸ್‌ನ ಮೆಟ್ಟಿಲು ಹತ್ತದವರು ಕಡಿಮೆ. ಬಿಳಿ ಸಮವಸ್ತ್ರ, ತಲೆಗೆ ಬೀಸಣಿಗೆಯಂತೆ ನೆರಿಗೆ ಎದ್ದು ನಿಂತ ಮುಂಡಾಸು, ಬೀಟ್‌ರೂಟ್ ಹಾಕಿದ ಕೆಂಪು ಮಸಾಲೆ ದೋಸೆ. ಇವೆಲ್ಲದರ ಜತೆಗೆ ಗೋಡೆಯ ಮೇಲೊಂದು ಚಿತ್ರವೂ ಇರುತ್ತದೆ. ಅದು ಎ.ಕೆ. ಗೋಪಾಲನ್ ಅವರದು. ಜನರ ಬಾಯಲ್ಲಿ ಎಕೆಜಿ. 1957, 1962 ಮತ್ತು 1967ರ ಮೂರು ಚುನಾವಣೆಗಳಲ್ಲಿ ಕಾಸರಗೋಡಿನಿಂದಲೇ ಲೋಕಸಭೆಗೆ ಹೋದವರು. ಪಕ್ಷದ ಕಚೇರಿಯಲ್ಲಿ ಇರಬೇಕಾದ ನಾಯಕನ ಚಿತ್ರ ಕಾಫಿ, ಕಟ್ಲೆಟ್ ಮಾರುವ ಅಂಗಡಿಯಲ್ಲಿ ಯಾಕೆ ಎಂದು ಕೇಳಿದರೆ ಹೊಸ ತಲೆಮಾರಿನವರಲ್ಲಿ ಹೆಚ್ಚಿನವರಿಗೆ ಉತ್ತರ ಗೊತ್ತಿಲ್ಲ.

ಅಯಿಲ್ಯತ್ ಕುಟ್ಟಿಯಾರಿ ಗೋಪಾಲನ್ ಹುಟ್ಟಿದ್ದು 1904ರ ಅಕ್ಟೋಬರ್ 1ರಂದು, ಕಣ್ಣೂರು ಸಮೀಪದ ಪೆರಳಶ್ಶೇರಿ ಕಡೆಯ ಮಾವಿಲಾಯಿ ಸೀಮೆಯಲ್ಲಿ. ಊರಿನಲ್ಲಿ ಹೆಸರಿದ್ದ ನಂಬಿಯಾರ್ ಕುಟುಂಬ. ತಲಶ್ಶೇರಿಯಲ್ಲಿ ಓದಿ ಶಾಲಾ ಮಾಸ್ತರರಾದರು. ಸುಮಾರು ಏಳು ವರ್ಷ ಮಕ್ಕಳಿಗೆ ಪಾಠ ಹೇಳಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂದಾಗ ಕೆಲಸ ಬಿಟ್ಟು ಜೈಲಿಗೆ ಹೋದರು. ತಿಂಗಳಾದರೆ ಕೈಗೆ ಬರುವ ಸಂಬಳ ಅಲ್ಲಿಗೆ ನಿಂತಿತು.

1931ರ ಗುರುವಾಯೂರು ದೇವಸ್ಥಾನ ಪ್ರವೇಶ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ನಾಯಕರಾಗಿ ನಿಂತು ಪೆಟ್ಟು ತಿಂದರು. ಬಳಿಕ ಕಾಂಗ್ರೆಸ್ ಸೋಶಲಿಸ್ಟ್ ಪಕ್ಷ, ಅಲ್ಲಿಂದ ಕಮ್ಯೂನಿಸ್ಟ್ ಪಕ್ಷ. ಈ ದಾರಿ ಆ ಕಾಲದ ಮಲಬಾರಿನ ಹಲವರದ್ದೂ ಹೌದು. ಎಕೆಜಿ ಬೇರೆಯಾಗಿ ಕಂಡದ್ದು ನಡಿಗೆಯಲ್ಲಿ. 1936ರಲ್ಲಿ 32 ಮಂದಿಯ ತಂಡ ಕಟ್ಟಿಕೊಂಡು ಕಣ್ಣೂರಿನಿಂದ ಮದ್ರಾಸಿನ ತನಕ ಕಾಲ್ನಡಿಗೆಯಲ್ಲಿ ಹೊರಟರು. ಮಲಬಾರಿನಲ್ಲಿ ಕೆಲಸವಿಲ್ಲ, ಹೊಟ್ಟೆಗಿಲ್ಲ ಎಂದು ಸರ್ಕಾರಕ್ಕೆ ತಿಳಿಸುವುದು ಅದರ ಉದ್ದೇಶ. ಮಲಯಾಳದಲ್ಲಿ ಅದಕ್ಕೆ ಪಟ್ಟಿಣಿ ಜಾಥಾ, ಅಂದರೆ ಹಸಿವಿನ ಜಾಥಾ ಎಂದೇ ಹೆಸರು. ಆಗ ಮಲಬಾರು, ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡ, ಎಲ್ಲಕ್ಕೂ ಮದ್ರಾಸೇ ರಾಜಧಾನಿ. ಅರ್ಜಿಯನ್ನು ಅಂಚೆಯಲ್ಲಿ ಕಳುಹಿಸಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ನಡೆದು ಹೋದದ್ದರಿಂದ ದಾರಿಯುದ್ದಕ್ಕೂ ಊರೂರಿನವರಿಗೆ ವಿಷಯ ಮುಟ್ಟಿತು.

ಅದೇ 1936ರಲ್ಲಿ ದೂರದ ಬೊಂಬಾಯಿಯ ಚರ್ಚ್‌ಗೇಟಿನಲ್ಲಿ ಮತ್ತೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಕಾಫಿ ಬೆಳೆಗಾರರ ನೆರವಿಗೆಂದು ಹುಟ್ಟಿದ ಕಾಫಿ ಸೆಸ್ ಸಮಿತಿ ಅಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಕೊಡಗು, ಚಿಕ್ಕಮಗಳೂರು, ವಯನಾಡಿನ ಕಾಫಿಗೆ ದೇಶದೊಳಗೇ ಗಿರಾಕಿ ಹುಟ್ಟಬೇಕೆಂಬುದು ಲೆಕ್ಕಾಚಾರ. ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದ ಮೇಲೆ ಈ ಅಂಗಡಿಗಳ ಅಗತ್ಯ ಇನ್ನೂ ಹೆಚ್ಚಿತು. ಮುಂದೆ ಬೆಂಗಳೂರಿನಲ್ಲಿ ಕಚೇರಿ ಇರುವ ಕಾಫಿ ಮಂಡಳಿ ಇವುಗಳನ್ನು ನಡೆಸಿತು. ಎಕೆಜಿಯವರ ನಡಿಗೆಗೂ ಈ ಕಾಫಿ ಅಂಗಡಿಗೂ ಅಂದು ಸಂಬಂಧವೇ ಇರಲಿಲ್ಲ. ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಆ ಇಪ್ಪತ್ತು ವರ್ಷಗಳಲ್ಲಿ ಎಕೆಜಿ ಜೈಲಿನ ಒಳಗೂ ಹೊರಗೂ ಓಡಾಡಿಕೊಂಡೇ ಇದ್ದರು. ಕೋಝಿಕ್ಕೋಡಿನ ಗಿರಣಿ, ಹೆಂಚಿನ ಕಾರ್ಖಾನೆಗಳ ಮುಷ್ಕರ. 1941ರಲ್ಲಿ ವೆಲ್ಲೂರು ಜೈಲಿನ ಗೋಡೆ ಕೊರೆದು ಪರಾರಿ, ನಂತರ ವರ್ಷಗಟ್ಟಲೆ ಭೂಗತ ಜೀವನ. ಕಯ್ಯೂರಿನ ರೈತರ ಘಟನೆ ನಡೆದದ್ದೂ ಅದೇ 1941ರಲ್ಲಿ. ನಿರಂಜನರ ಚಿರಸ್ಮರಣೆ ಓದಿದ ಕನ್ನಡಿಗರಿಗೆ ಆ ಕಾಲದ ಬಿಸಿ ಗೊತ್ತು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುವಾಗ ಎಕೆಜಿ ಕಣ್ಣೂರು ಜೈಲಿನಲ್ಲಿದ್ದರು. ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸಿ ಅವರು ಹೂಡಿದ 1950ರ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 1952ರಲ್ಲಿ ಕಣ್ಣೂರಿನಿಂದ ಗೆದ್ದು ಲೋಕಸಭೆಗೆ ಹೋಗಿ ಕಮ್ಯೂನಿಸ್ಟ್ ಗುಂಪಿನ ನಾಯಕರಾದರು.

ಭಾಷೆಯ ಜಗಳದ ನಡುವೆ ಗೆಲುವು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಕನ್ನಡಿಗರಿಗೆ ಅದು ಆರದ ಗಾಯ. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅದೇ ಚುನಾವಣೆಯಲ್ಲಿ ಲೋಕಸಭೆಗೆ ಆರಿಸಿ ಬಂದವರು ಎಕೆಜಿ. ಅವರ ಪಕ್ಷ ಐಕ್ಯ ಕೇರಳದ ಪರ. ಭಾಷೆಯ ವಿಷಯದಲ್ಲಿ ಗಡಿನಾಡ ಕನ್ನಡಿಗರಿಗೆ ಅವರು ಎದುರು ಪಕ್ಷದವರೇ ಆಗಿದ್ದರು. ಇದನ್ನು ಮುಚ್ಚಿಟ್ಟು ಅವರ ಜೀವನ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಆದರೆ ಅವರು ಕಾಸರಗೋಡಿನ ಸದಸ್ಯರಾಗಿದ್ದ ಆ ಮೊದಲ ವರ್ಷದಲ್ಲೇ ಕೈಗೆ ಬಂದ ಕೆಲಸ ಯಾವ ಭಾಷೆಗೂ ಸೇರಿದ್ದಲ್ಲ. ಬೊಂಬಾಯಿ, ಮದ್ರಾಸಿನ ಹೋಟೆಲುಗಳಲ್ಲಿ ಲೋಟ ತೊಳೆದ ತುಳು, ಕನ್ನಡದ ಮಾಣಿಗಳಿಗೂ ಅರ್ಥವಾಗುವಂಥದ್ದು.

ಐವತ್ತರ ದಶಕದ ನಡುವಿನಲ್ಲಿ ಕಾಫಿ ಮಂಡಳಿಯ ನೀತಿ ಬದಲಾಯಿತು. ಕಾಫಿ ಹೌಸ್‌ಗಳನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಅಡುಗೆಯವರು, ಬಡಿಸುವವರು, ತೊಳೆಯುವವರು ಎಲ್ಲರೂ ಬೀದಿಗೆ. ಇವರಿಗೆ ಬೇರೆ ಹೋಟೆಲಿನಲ್ಲಿ ಕೆಲಸ ಸಿಗದು ಎಂದಲ್ಲ. ಸಿಗುವ ಕೆಲಸದ ಸಂಬಳ ಎಂಥದ್ದು ಎಂಬುದೇ ಪ್ರಶ್ನೆ.

ಹೋಟೆಲು ಕೆಲಸದವನ ಸಂಬಳಕ್ಕೆ ಒಂದು ಬೇರೆಯೇ ಲೆಕ್ಕವಿದೆ. ಕುಂಬಳೆಯಿಂದಲೋ ಕುಂದಾಪುರದಿಂದಲೋ ಬಸ್ಸು ಹತ್ತಿ ಹೋದ ಹುಡುಗನಿಗೆ ಊಟ, ತಿಂಡಿ ಹೋಟೆಲಿನದ್ದೇ. ರಾತ್ರಿ ಮೇಜುಗಳನ್ನು ಸರಿಸಿದರೆ ಮಲಗಲು ಜಾಗವೂ ಅಲ್ಲೇ. ಧಣಿ ಇದನ್ನೆಲ್ಲ ಸಂಬಳದ ಲೆಕ್ಕಕ್ಕೆ ಹಿಡಿಯುತ್ತಾನೆ. ಗಿರಾಕಿ ತಟ್ಟೆಯಲ್ಲಿ ಬಿಟ್ಟು ಹೋಗುವ ಚಿಲ್ಲರೆಯೂ ಸಂಬಳ ಏರಿಸದಿರಲು ಒಂದು ಕಾರಣವಾಗುತ್ತದೆ. ಅಕ್ಕಿಯ ಕ್ರಯ ಏರಿದರೆ ಹುಡುಗನ ಹೊಟ್ಟೆಗೆ ಅದು ಗೊತ್ತಾಗುವುದಿಲ್ಲ, ಅವನು ಉಣ್ಣುವುದು ಹೋಟೆಲಿನ ಅನ್ನ. ಗೊತ್ತಾಗುವುದು ಊರಿನಲ್ಲಿರುವ ತಾಯಿಗೆ. ಬರುವ ಮನಿಯಾರ್ಡರು ಕಳೆದ ವರ್ಷದಷ್ಟೇ, ಅದರಲ್ಲಿ ಬರುವ ಅಕ್ಕಿ ಮಾತ್ರ ಕಡಿಮೆ. ಸಂಬಳ ಇಳಿದಿಲ್ಲ ಎಂದು ಧಣಿ ಹೇಳಿದರೆ ಅದು ಸುಳ್ಳಲ್ಲ. ಆದರೆ ಮನೆಯಲ್ಲಿ ಅನ್ನದ ಪಾತ್ರೆ ಚಿಕ್ಕದಾಗಿರುತ್ತದೆ.

ಕಾರ್ಖಾನೆಯಲ್ಲಾದರೆ ಸಾವಿರ ಮಂದಿ ಒಂದೇ ಗೇಟಿನಲ್ಲಿ ನಿಂತು ತುಟ್ಟಿಭತ್ಯೆ ಕೇಳಬಹುದು. ಹೋಟೆಲಿನಲ್ಲಿ ಇರುವುದು ಎಂಟೋ ಹತ್ತೋ ಮಂದಿ. ಒಬ್ಬ ಬಾಯಿ ಬಿಟ್ಟರೆ ನಾಳೆ ಅವನ ಜಾಗದಲ್ಲಿ ಊರಿನಿಂದ ಬಂದ ಮತ್ತೊಬ್ಬ. ಕಾಫಿ ಮಂಡಳಿಯ ನೌಕರರ ಸ್ಥಿತಿ ಇದಕ್ಕಿಂತ ಭಿನ್ನವಾಗಿತ್ತು. ಧಣಿ ಒಬ್ಬನೇ, ಊರುಗಳು ಹಲವು, ಎಲ್ಲರನ್ನೂ ಕಟ್ಟಿದ ಒಂದು ಕಾರ್ಮಿಕ ಸಂಘವೂ ಇತ್ತು. ಆ ಸಂಘದ ಬೆನ್ನಿಗೆ ನಿಂತವರು ಎಕೆಜಿ.

ಅಂಗಡಿಯೇ ನೌಕರರದ್ದು

ಮುಷ್ಕರ ಮಾಡಲು ಧಣಿಗೆ ಅಂಗಡಿ ನಡೆಸುವ ಮನಸ್ಸಾದರೂ ಇರಬೇಕು. ಧಣಿಯೇ ಬಾಗಿಲು ಹಾಕುತ್ತೇನೆ ಎಂದಾಗ ಮುಷ್ಕರ ಯಾರ ವಿರುದ್ಧ? ಜೀವನವೆಲ್ಲ ಮುಷ್ಕರ ನಡೆಸಿದ ಎಕೆಜಿ ಇಲ್ಲಿ ಬೇರೆ ದಾರಿ ಹಿಡಿದರು. ಮಂಡಳಿಗೆ ಬೇಡವಾದರೆ ನೌಕರರಿಗೇ ಒಪ್ಪಿಸಲಿ ಎಂಬ ಬೇಡಿಕೆ ಮುಂದಿಟ್ಟರು. ಸಹಕಾರಿ ಸಂಘ ಮಾಡಿ, ಸದಸ್ಯರು ಷೇರು ಹಾಕಿ, ತಾವೇ ನಡೆಸುವುದು. ಜಗತ್ತನ್ನೇ ಬದಲಿಸಬೇಕೆಂದು ಹೊರಟ ಕಮ್ಯೂನಿಸ್ಟ್ ನಾಯಕ ದೋಸೆ, ಕಾಫಿಯ ವ್ಯಾಪಾರಕ್ಕೆ ಇಳಿಸಿದ ಎಂದು ಯಾರಾದರೂ ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ನಾಳೆಯಿಂದ ಕೆಲಸವಿಲ್ಲದವನಿಗೆ ಅಂದು ಬೇಕಾಗಿದ್ದದ್ದು ಅದೇ.

1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಾಫಿ ನೌಕರರ ಮೊದಲ ಸಹಕಾರಿ ಸಂಘ ಹುಟ್ಟಿತು. ಅದೇ ವರ್ಷ ದೆಹಲಿಯಲ್ಲಿ ನೌಕರರ ಕಾಫಿ ಹೌಸ್ ಬಾಗಿಲು ತೆರೆಯಿತು. ಇಂಡಿಯಾ ಕಾಫಿ ಹೌಸ್ ಎಂಬ ಹೆಸರು ಇಂಡಿಯನ್ ಕಾಫಿ ಹೌಸ್ ಆಯಿತು. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಯಜಮಾನಿಕೆಯೇ ಬದಲಾದ ವ್ಯತ್ಯಾಸ. 1958ರ ಮಾರ್ಚ್‌ನಲ್ಲಿ ತೃಶ್ಶೂರಿನಲ್ಲಿ ಕೇರಳದ ಮೊದಲನೆಯದನ್ನು ಎಕೆಜಿಯವರೇ ಉದ್ಘಾಟಿಸಿದರು. ಅಲ್ಲಿ ನೌಕರರ ಮುಂದಾಳು ಎನ್.ಎಸ್. ಪರಮೇಶ್ವರನ್ ಪಿಳ್ಳೈ. ಅದೇ ವರ್ಷ ಉತ್ತರಕ್ಕೆ ಕಣ್ಣೂರು ಸಂಘದ ಕಾಫಿ ಹೌಸ್ ತಲಶ್ಶೇರಿಯಲ್ಲಿ ತೆರೆಯಿತು. ಎಕೆಜಿ ಓದಿದ ಊರು ಅದು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಬೆಂಗಳೂರಿನ ಸಂಘ ಹುಟ್ಟುವ ತಿಂಗಳ ಹಿಂದೆ, 1957ರ ಜುಲೈಯಲ್ಲಿ, ದೆಹಲಿಯಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಸೇರಿತ್ತು. ಕನಿಷ್ಠ ವೇತನವನ್ನು ಧಣಿಯ ಮರ್ಜಿಯಿಂದಲ್ಲ, ಮನೆಯ ಖರ್ಚಿನಿಂದ ಲೆಕ್ಕ ಹಾಕಬೇಕೆಂದು ಅಲ್ಲಿ ಒಪ್ಪಿಗೆಯಾಯಿತು. ದುಡಿಯುವವನೊಬ್ಬನ ಕುಟುಂಬವೆಂದರೆ ಮೂರು ಪಾಲು ಊಟ, ಪ್ರತಿ ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ. ನಾಲ್ಕು ಮಂದಿಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ ಇತ್ಯಾದಿಗೆ ಶೇಕಡಾ 20. 1991ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಓದು, ಔಷಧ, ಮದುವೆ, ಮುಪ್ಪಿನ ಖರ್ಚೆಂದು ಶೇಕಡಾ 25 ಸೇರಿಸಬೇಕೆಂದಿತು. ಯಾವುದೇ ಊರಿನ ಹೋಟೆಲು ನೌಕರ ತನ್ನ ಸಂಬಳವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬಹುದು. ಕಾಗದದ ಮೇಲೆ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಪ್ಪಿದ್ದ ಲೆಕ್ಕವಿದು.

ಕಾಫಿ ಹೌಸ್‌ನಲ್ಲಿ ಈ ಲೆಕ್ಕ ತೀರಿತೇ? ಪೂರ್ತಿ ತೀರಲಿಲ್ಲ. ಕೇರಳದ ಸಂಘಗಳಲ್ಲಿ ತೊಳೆಯುವ ಕೆಲಸಕ್ಕೆ ಸೇರಿದವನು ಬಡಿಸುವವನಾಗಿ, ಮುಂದೆ ಮ್ಯಾನೇಜರನೂ ಆಗುವ ದಾರಿ ತೆರೆಯಿತು. ಭವಿಷ್ಯನಿಧಿ, ಬೋನಸ್ ಬಂತು. ಆಡಳಿತ ಮಂಡಳಿಯನ್ನು ನೌಕರರೇ ಚುನಾಯಿಸಿದರು. ಆದರೆ ಧಣಿ ಇಲ್ಲದ ಅಂಗಡಿಯಲ್ಲೂ ಹಾಲು, ಸಕ್ಕರೆ, ಕಾಫಿ ಪುಡಿಯ ಕ್ರಯ ಏರುವುದು ನಿಲ್ಲುವುದಿಲ್ಲ. ಕಾಫಿಯ ದರ ಏರಿಸಿದರೆ ವಿದ್ಯಾರ್ಥಿ, ಗುಮಾಸ್ತ, ಬಸ್ಸಿಗೆ ಕಾಯುವ ಹಳ್ಳಿಯವನು ದೂರವಾಗುತ್ತಾನೆ. ಏರಿಸದಿದ್ದರೆ ಆ ವ್ಯತ್ಯಾಸ ಹೋಗುವುದು ನೌಕರನ ತುಟ್ಟಿಭತ್ಯೆಯಿಂದ. ಖಾಸಗಿ ಹೋಟೆಲಿನಲ್ಲಿ ಈ ಕಷ್ಟವನ್ನು ಧಣಿಯ ತಲೆಗೆ ಕಟ್ಟಬಹುದು, ಇಲ್ಲಿ ಎರಡೂ ಕಡೆ ಕೂತವರು ಅವರೇ. ಅಗ್ಗದ ಕಾಫಿ ಕುಡಿದು ಹೊಗಳುವ ನಾವು ಆ ಅಗ್ಗದ ಒಂದು ಪಾಲನ್ನು ತಟ್ಟೆ ತಂದವನು ಕೊಟ್ಟಿದ್ದಾನೆ ಎಂದು ಯೋಚಿಸುವುದು ಅಪರೂಪ. ನಗರದ ಬಾಡಿಗೆಯೂ ಇವರನ್ನು ಕಾಡಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಹಳೆಯ ಕಾಫಿ ಹೌಸ್ 2009ರಲ್ಲಿ ಕಟ್ಟಡ ಬಿಟ್ಟು ಚರ್ಚ್ ಸ್ಟ್ರೀಟ್‌ಗೆ ಹೋಗಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ಎಲ್ಲ ಕಡೆ ಬಾಗಿಲು ಮುಚ್ಚಿದಾಗ ನಷ್ಟ ಹೊರಲು ಬೇರೆ ಧಣಿ ಇರಲಿಲ್ಲ.

ಆದರೂ ಈ ದಾರಿ ಕಾಫಿಗೆ ಮಾತ್ರ ನಿಲ್ಲಲಿಲ್ಲ. ಬೀಡಿ ಕಾರ್ಮಿಕರ 1966ರ ಕಾಯ್ದೆ ಜಾರಿ ಮಾಡಬೇಕಾಗಿ ಬಂದಾಗ ಮಂಗಳೂರಿನ ಬೀಡಿ ಕಂಪೆನಿಗಳು 1968ರಲ್ಲಿ ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದವು. ಸಾವಿರಾರು ಮಂದಿಯ ಸೂಪು ಖಾಲಿಯಾಯಿತು. ಮರುವರ್ಷ ಹುಟ್ಟಿದ್ದು ದಿನೇಶ್ ಬೀಡಿ ಸಹಕಾರಿ ಸಂಘ. ಅದು ಎಕೆಜಿಯೊಬ್ಬರ ಕೆಲಸವಲ್ಲ, ಆಗಿನ ಕೇರಳ ಸರ್ಕಾರದ್ದು ದೊಡ್ಡ ಪಾಲು. ಆದರೆ ಧಣಿ ಬಾಗಿಲು ಹಾಕಿದರೆ ಏನು ಮಾಡಬಹುದು ಎಂಬುದನ್ನು ಕಣ್ಣೂರಿನವರು ಹತ್ತು ವರ್ಷ ಮೊದಲೇ ತಲಶ್ಶೇರಿಯ ಕಾಫಿ ಹೌಸ್‌ನಲ್ಲಿ ನೋಡಿದ್ದರು.

ಎಕೆಜಿಯ ಕೊನೆಯ ವರ್ಷಗಳೂ ಸುಮ್ಮನೆ ಕಳೆದವಲ್ಲ. 1961ರಲ್ಲಿ ಇಡುಕ್ಕಿ ಕಡೆಯಿಂದ ಒಕ್ಕಲೆಬ್ಬಿಸಿದ ರೈತರ ಪರವಾಗಿ ಅಮರಾವತಿಯಲ್ಲಿ ಉಪವಾಸ ಕೂತರು. 1964ರಲ್ಲಿ ಪಕ್ಷ ಒಡೆದಾಗ ಮಾರ್ಕ್ಸ್‌ವಾದಿ ಪಕ್ಷದ ಕಡೆ ನಿಂತರು. 1971ರಲ್ಲಿ ಕಾಸರಗೋಡು ಬಿಟ್ಟು ಪಾಲಕ್ಕಾಡಿನಿಂದ ಗೆದ್ದರು. ಆ ಸಲ ಕಾಸರಗೋಡು ಅವರ ಪಕ್ಷದ ಕೈತಪ್ಪಿತು. 1975ರ ಜುಲೈಯಲ್ಲಿ ತುರ್ತುಪರಿಸ್ಥಿತಿಯನ್ನು ಲೋಕಸಭೆಯಲ್ಲೇ ವಿರೋಧಿಸಿ ಮಾತನಾಡಿದರು. ಆಗ ಅವರಿಗೆ ಎಪ್ಪತ್ತರ ವಯಸ್ಸು, ದೇಹ ಸೋತಿತ್ತು.

1977ರ ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದು ದೆಹಲಿಯಲ್ಲಿ ಸರ್ಕಾರ ಬದಲಾಗುವುದು ಖಚಿತವಾದ ಹೊತ್ತಿಗೆ ಅವರು ತಿರುವನಂತಪುರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿದ್ದರು. ಮಾರ್ಚ್ 22ರಂದು ತೀರಿಕೊಂಡರು. ಕಣ್ಣೂರಿನ ಪಯ್ಯಾಂಬಲಂ ಕಡಲ ತೀರದಲ್ಲಿ ಅವರ ಸಮಾಧಿ ಇದೆ.