ಮಲಿಕ್ ಅಂಬರ್

ಬೆಂಗಳೂರನ್ನು ಜಹಗೀರಾಗಿ ಪಡೆದ ಶಹಾಜಿಯ ಹೆಸರು ನಮ್ಮ ವಾಚಕರಿಗೆ ಚಿರಪರಿಚಿತ. ತಾರುಣ್ಯದಲ್ಲಿ ಆತನು ಯಾರ ಪಕ್ಷದಲ್ಲಿ ಕಾದಿದನೆಂಬುದನ್ನು ಬಲ್ಲವರು ವಿರಳ. ಆ ಸೇನಾನಿಯು ಹಬಶಿ ಕುಲದ ಮಲಿಕ್ ಅಂಬರ್.

ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಜನಿಸಿದ ಅಂಬರನು ಎಳವೆಯಲ್ಲಿಯೇ ದಾಸನಾಗಿ ಮಾರಲ್ಪಟ್ಟು, ಕೈಯಿಂದ ಕೈಗೆ ಸಾಗಿ ದಖ್ಖಣವನ್ನು ಸೇರಿದನು. ಅಹಮದ್‌ನಗರದ ಮಂತ್ರಿ ಚಂಗೀಜ್ ಖಾನನು ಆತನನ್ನು ಕೊಂಡನು. ಆ ಮಂತ್ರಿಯೂ ಹಿಂದೆ ದಾಸನಾಗಿದ್ದ ಹಬಶಿಯೇ. ಒಡೆಯನು ಗತಿಸಿದ ಮೇಲೆ ಸ್ವತಂತ್ರನಾದ ಅಂಬರನು ಕೆಲಕಾಲ ಬಿಜಾಪುರದ ಸೇವೆಯಲ್ಲಿಯೂ ಇದ್ದನು. 1600ರಲ್ಲಿ ಮೊಗಲರು ಅಹಮದ್‌ನಗರದ ಕೋಟೆಯನ್ನು ಹಿಡಿಯಲು, ನಿಜಾಮಶಾಹಿ ಮನೆತನದ ಕುಮಾರನೊಬ್ಬನನ್ನು ಪಟ್ಟಕ್ಕೇರಿಸಿ, ರಾಜ್ಯಭಾರವನ್ನು ತಾನೇ ಹೊತ್ತನು.

ನಾಡಿನ ರೀತಿಯನ್ನು ಆತನು ತನ್ನದಾಗಿಸಿಕೊಂಡನು. ಗುಡ್ಡ ಕಣಿವೆಗಳನ್ನೂ ಮರಾಠಾ ಸವಾರರನ್ನೂ ನೆಚ್ಚಿ ಯುದ್ಧಮಾಡಿದನು. ನೆಲದ ಗುಣವನ್ನು ನೋಡಿ ಕಂದಾಯ ಗೊತ್ತುಪಡಿಸಿದನು. ಮುಂದೆ ಔರಂಗಾಬಾದೆನಿಸಿದ ಖಡಕಿ ಪಟ್ಟಣವನ್ನು ಕಟ್ಟಿ, ಭೂಗತ ಕಾಲುವೆಗಳಿಂದ ನೀರು ತಂದನು. 1624ರಲ್ಲಿ ಭಾತವಾಡಿಯಲ್ಲಿ ಮೊಗಲ ಹಾಗೂ ಬಿಜಾಪುರದ ದಂಡುಗಳೆರಡನ್ನೂ ಸೋಲಿಸಿದನು. ಶಹಾಜಿ ಕಾದಿದ್ದು ಅಲ್ಲಿಯೇ. 1626ರಲ್ಲಿ ಅಂಬರನು ಕಾಲವಶನಾದನು.

ಹಳಿಯಾಳ, ಯಲ್ಲಾಪುರ ಸೀಮೆಗಳಲ್ಲಿ ಆಫ್ರಿಕದ ಮೂಲದ ಸಿದ್ದಿಗಳು ತಲೆಮಾರುಗಳಿಂದ ನೆಲಸಿ, ಕನ್ನಡ ಕೊಂಕಣಿಗಳನ್ನಾಡುತ್ತ ಬಾಳುತ್ತಿದ್ದಾರೆ. ಮೈಬಣ್ಣವನ್ನು ನೋಡಿ ಅವರನ್ನು ಪರದೇಶಿಗಳೆಂದು ಬಗೆಯುವವರು ಅಂಬರನ ಚರಿತ್ರೆಯನ್ನು ಮನನಮಾಡಲಿ. ನಾಡು ಹುಟ್ಟಿದವನದಷ್ಟೇ ಅಲ್ಲ, ಅದಕ್ಕಾಗಿ ದುಡಿದವನದೂ ಹೌದು.