ರಕ್ತನಿಧಿಯ ಡಾ. ಡ್ರೂ: ಮುಚ್ಚಿದ ಬಾಗಿಲಿನ ಕಥೆ ಮತ್ತು ನಿಜ

ರಕ್ತವನ್ನು ಶೇಖರಿಸಿಡುವ ವ್ಯವಸ್ಥೆ ರೂಪಿಸಿ ಸಾವಿರಾರು ಜನರ ಪ್ರಾಣ ಉಳಿಸಿದ ವೈದ್ಯ, ಕರಿಯನೆಂಬ ಕಾರಣಕ್ಕೆ ಬಿಳಿಯರ ಆಸ್ಪತ್ರೆಯ ಬಾಗಿಲಲ್ಲಿ ರಕ್ತ ಸಿಗದೆ ಅಸುನೀಗಿದರು. ಅಮೆರಿಕದ ಡಾ. ಚಾರ್ಲ್ಸ್ ರಿಚರ್ಡ್ ಡ್ರೂ ಅವರ ಬಗ್ಗೆ ದಶಕಗಳ ಕಾಲ ಹರಡಿದ್ದ ಕಥೆಯಿದು. ಕಥೆ ಸುಳ್ಳು. ಆದರೆ ನಂಬಿದವರಿಗೆ ನಂಬಲು ಕಾರಣವಿತ್ತು.

ಡ್ರೂ ಜನಿಸಿದ್ದು 1904ರ ಜೂನ್ 3ರಂದು, ವಾಷಿಂಗ್ಟನ್ ನಗರದಲ್ಲಿ. ಆಮ್ಹರ್ಸ್ಟ್ ಕಾಲೇಜಿನಲ್ಲಿ ಅವರ ಹೆಸರು ಕೇಳಿಬರುತ್ತಿದ್ದುದು ಹೆಚ್ಚಾಗಿ ಆಟದ ಅಂಗಳದಿಂದ. ವೈದ್ಯಕೀಯ ಓದಿಗೆ ಹಣವಿರಲಿಲ್ಲ. ಬಾಲ್ಟಿಮೋರಿನ ಮಾರ್ಗನ್ ಕಾಲೇಜಿನಲ್ಲಿ ಎರಡು ವರ್ಷ ಕ್ರೀಡಾ ತರಬೇತುದಾರರಾಗಿ ದುಡಿದು, ಬಳಿಕ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿ 1933ರಲ್ಲಿ ಪದವಿ ಪಡೆದರು.

ಅವರ ಜೀವಿತದ ದೊಡ್ಡ ಕೆಲಸ ನಡೆದದ್ದು ನ್ಯೂಯಾರ್ಕಿನಲ್ಲಿ. ಸಂಗ್ರಹಿಸಿದ ರಕ್ತ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. ರಕ್ತಕಣಗಳನ್ನು ಬೇರ್ಪಡಿಸಿದರೆ ಉಳಿಯುವ ಪ್ಲಾಸ್ಮಾ ಹೆಚ್ಚು ಕಾಲ ಬಾಳುತ್ತದೆ, ದೂರದೂರಿಗೂ ಸಾಗಿಸಬಹುದು. ಶೇಖರಿತ ರಕ್ತದ ಕುರಿತ ಪ್ರಬಂಧಕ್ಕಾಗಿ 1940ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಅದೇ ವರ್ಷ ಜರ್ಮನಿಯ ಬಾಂಬು ದಾಳಿಗೆ ತತ್ತರಿಸಿದ್ದ ಬ್ರಿಟನ್ನಿಗೆ ಪ್ಲಾಸ್ಮಾ ಕಳುಹಿಸುವ ಯೋಜನೆಯ ಹೊಣೆ ಹೆಗಲೇರಿತು. ಸುಮಾರು 14,500 ಮಂದಿ ರಕ್ತ ಕೊಟ್ಟರು. 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ಸಾಗರ ದಾಟಿತು.

1941ರಲ್ಲಿ ರೆಡ್ ಕ್ರಾಸ್‌ನ ಪ್ರಾಯೋಗಿಕ ರಕ್ತನಿಧಿಗೆ ಮಾರ್ಗದರ್ಶನ ಮಾಡಿ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಮರಳಿದರು. ಆ ರಾಷ್ಟ್ರೀಯ ಯೋಜನೆ ಮೊದಲು ಕರಿಯರ ರಕ್ತವನ್ನೇ ನಿರಾಕರಿಸಿತು. 1942ರಿಂದ ಸ್ವೀಕರಿಸಿದರೂ ಪ್ರತ್ಯೇಕವಾಗಿ ಇರಿಸಿತು. ಇದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲವೆಂದು ಡ್ರೂ ಬಹಿರಂಗವಾಗಿ ಖಂಡಿಸಿದರು. ಉಳಿದ ಆಯುಷ್ಯವನ್ನು ಫ್ರೀಡ್‌ಮೆನ್ಸ್ ಆಸ್ಪತ್ರೆಯಲ್ಲಿ ಯುವ ಕಪ್ಪು ಶಸ್ತ್ರವೈದ್ಯರನ್ನು ತಯಾರಿಸುವುದಕ್ಕೇ ಮುಡಿಪಿಟ್ಟರು.

1950ರ ಏಪ್ರಿಲ್ 1ರ ಮುಂಜಾನೆ ಮೂವರು ಸಹವೈದ್ಯರೊಡನೆ ಅಲಬಾಮಾದ ಟಸ್ಕೀಗೀಗೆ ಕಾರಿನಲ್ಲಿ ಹೊರಟಿದ್ದರು. ನಾರ್ತ್ ಕೆರೊಲಿನಾದ ಹಾ ರಿವರ್ ಬಳಿ, ಚಾಲಕನ ಸ್ಥಾನದಲ್ಲಿದ್ದ ಡ್ರೂ ಅವರಿಗೆ ನಿದ್ದೆ ಹತ್ತಿತು; ಕಾರು ಪಲ್ಟಿಯಾಯಿತು. ಬರ್ಲಿಂಗ್ಟನ್ನಿನ ಅಲಮಾನ್ಸ್ ಜನರಲ್ ಆಸ್ಪತ್ರೆ ಅವರನ್ನು ತಿರುಗಿ ಕಳುಹಿಸಲಿಲ್ಲ. ಬಿಳಿಯ ವೈದ್ಯರು ಕೂಡಲೇ ಚಿಕಿತ್ಸೆಗೆ ತೊಡಗಿದರು. ಪೆಟ್ಟು ಮಾರಕವಾಗಿತ್ತು. ವೈದ್ಯರ ಯತ್ನಕ್ಕಾಗಿ ಕುಟುಂಬ ಕೃತಜ್ಞತಾ ಪತ್ರ ಬರೆಯಿತು. ಜೊತೆಗಿದ್ದ ವೈದ್ಯರೂ ವದಂತಿಯನ್ನು ಅಲ್ಲಗಳೆದರು. ಆದರೂ ಅದು ನಿಲ್ಲಲಿಲ್ಲ.

ಏಕೆ? ಉತ್ತರ ಅದೇ ವರ್ಷದ ಡಿಸೆಂಬರಿನಲ್ಲಿದೆ. ಅಲಮಾನ್ಸ್ ಕೌಂಟಿಯಲ್ಲೇ ಮತ್ತೊಂದು ರಸ್ತೆ ಅಪಘಾತ. ಗಾಯಗೊಂಡವನು ಕಪ್ಪು ವರ್ಣದ ವಿದ್ಯಾರ್ಥಿ, ಮಾಜಿ ಯೋಧ. ಅಲಮಾನ್ಸ್ ಆಸ್ಪತ್ರೆ ಪ್ರಥಮ ಚಿಕಿತ್ಸೆ ನೀಡಿ ಹೆಚ್ಚಿನ ಚಿಕಿತ್ಸೆಗೆ ಡರ್ಹಾಮಿನ ಡ್ಯೂಕ್ ಆಸ್ಪತ್ರೆಗೆ ಕಳುಹಿಸಿತು. ಅಲ್ಲಿ ಕರಿಯರಿಗೆಂದು ಮೀಸಲಿಟ್ಟ ಹಾಸಿಗೆಗಳು ಭರ್ತಿಯಾಗಿದ್ದವು. ಬಿಳಿಯರ ವಾರ್ಡಿನಲ್ಲಿ ಮಲಗಿಸುವ ಪ್ರಶ್ನೆಯೇ ಇರಲಿಲ್ಲ. ಅವನನ್ನು ಊರಿನ ಇನ್ನೊಂದೆಡೆಯ ಕರಿಯರ ಲಿಂಕನ್ ಆಸ್ಪತ್ರೆಗೆ ಸಾಗಿಸಲಾಯಿತು. ಅಲ್ಲಿ ಸ್ವಲ್ಪ ಹೊತ್ತಿನಲ್ಲೇ ಕೊನೆಯುಸಿರೆಳೆದ. ನಿಜವಾಗಿ ತಿರುಗಿ ಕಳುಹಿಸಲ್ಪಟ್ಟವನು ಅನಾಮಧೇಯನಾಗಿ ಉಳಿದ. ಅಂಥವರೆಲ್ಲರ ಸಂಕಟ ಹೆಸರಾಂತ ಡ್ರೂ ಅವರ ಸಾವಿಗೆ ಅಂಟಿಕೊಂಡಿತು. ಈ ಎರಡೂ ಸಾವುಗಳನ್ನು ಜೊತೆಗಿಟ್ಟು ನೋಡಿದ್ದು ಇತಿಹಾಸಕಾರ್ತಿ ಸ್ಪೆನ್ಸೀ ಲವ್, 1996ರ ತಮ್ಮ ಗ್ರಂಥದಲ್ಲಿ.

ಡ್ರೂ ಮಡಿದ 1950ರಲ್ಲೇ ರೆಡ್ ಕ್ರಾಸ್ ರಕ್ತದ ವರ್ಣಭೇದ ಕೈಬಿಟ್ಟಿತು. ಆಸ್ಪತ್ರೆಗಳು ಇನ್ನಷ್ಟು ಕಾಲ ತೆಗೆದುಕೊಂಡವು. ಬರ್ಲಿಂಗ್ಟನ್ನಿಗೆ ಸಮೀಪದ ಗ್ರೀನ್ಸ್‌ಬರೋ ನಗರದ ಕಪ್ಪು ವೈದ್ಯರು, ದಂತವೈದ್ಯರು ಮತ್ತು ರೋಗಿಗಳು ಹೂಡಿದ್ದ ದಾವೆಯಲ್ಲಿ, ಸರ್ಕಾರದ ಹಣ ಪಡೆದ ಆಸ್ಪತ್ರೆಗಳು ಭೇದ ಮಾಡುವಂತಿಲ್ಲವೆಂಬ ತೀರ್ಪು ಬಂದದ್ದು 1963ರಲ್ಲಿ. ತುರ್ತು ವಿಭಾಗಕ್ಕೆ ಬಂದ ಯಾರನ್ನೇ ಆಗಲಿ ಪರೀಕ್ಷಿಸಿ, ಸ್ಥಿತಿ ಸ್ಥಿರಗೊಳಿಸದೆ ಸಾಗಹಾಕಬಾರದೆಂಬ ಕಾನೂನು ಬರಲು 1986 ಬೇಕಾಯಿತು. ಆದರೆ ವಿಭಾಗ ತುಂಬಿದೆಯೆಂದು ಆಂಬುಲೆನ್ಸನ್ನು ದಾರಿಯಲ್ಲೇ ಬೇರೆಡೆಗೆ ತಿರುಗಿಸಲು ಆ ಕಾನೂನೂ ಅವಕಾಶ ಉಳಿಸಿದೆ.