ಜಾನ್ಸನ್ನನ ಅಂಗಚೇಷ್ಟೆ

ಇಂಗ್ಲಿಷ್ ನಿಘಂಟುಕಾರನೆಂದು ಖ್ಯಾತನಾದ ಸ್ಯಾಮ್ಯುಯೆಲ್ ಜಾನ್ಸನ್ 1709ರಲ್ಲಿ ಲಿಚ್‌ಫೀಲ್ಡಿನ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. 1729ರಲ್ಲಿ ಹಣವಿಲ್ಲದೆ ಆಕ್ಸ್‌ಫರ್ಡಿನ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಮರಳಿದಾಗ ಘೋರ ವಿಷಾದವು ಆತನನ್ನು ಆವರಿಸಿತು. ಯೌವನದಲ್ಲಿಯೇ ಆತನ ಮುಖ ತಾನಾಗಿ ಸೊಟ್ಟಗಾಗುತ್ತಿತ್ತು, ಕೈಕಾಲುಗಳು ಅದುರುತ್ತಿದ್ದವು.

1735ರಲ್ಲಿ ಸೋಲಿಹಲ್ ಶಾಲೆಯ ಮುಖ್ಯೋಪಾಧ್ಯಾಯ ಪದವಿಗೆ ಯತ್ನಿಸಿದನು. ವಿದ್ವತ್ತಿನ ವಿಷಯದಲ್ಲಿ ಸಂದೇಹವಿರಲಿಲ್ಲ. ಆದರೆ ಗರ್ವಿಯೆಂಬ ಅಪವಾದದೊಡನೆ, ಆ ಮುಖವಿಕಾರವು ಹುಡುಗರ ಮೇಲೆ ಪರಿಣಾಮ ಮಾಡೀತೆಂಬ ಅಂಜಿಕೆಯೂ ಸೇರಿ ಕೆಲಸ ತಪ್ಪಿತು. ತಾನೇ ತೆರೆದ ಶಾಲೆಯೂ ನಿಲ್ಲಲಿಲ್ಲ. 1737ರಲ್ಲಿ ಶಿಷ್ಯ ಗ್ಯಾರಿಕ್‌ನೊಡನೆ ಲಂಡನ್ನಿಗೆ ಹೊರಟನು. ಅಲ್ಲಿ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದು, 1752ರಲ್ಲಿ ಪತ್ನಿಯನ್ನು ಕಳೆದುಕೊಂಡು, 1755ರಲ್ಲಿ ನಿಘಂಟನ್ನು ಪ್ರಕಟಿಸಿದನು. ಕೀರ್ತಿ ಬಂದಿತು, ಅಂಗಗಳು ಮಾತ್ರ ಅಡಗಲಿಲ್ಲ.

ಮಿತ್ರನಾದ ಚಿತ್ರಕಾರ ರೆನಾಲ್ಡ್ಸ್ ಇದನ್ನು ಸೂಕ್ಷ್ಮವಾಗಿ ಗಮನಿಸಿದ್ದನು. ಸಂಭಾಷಣೆಯಲ್ಲಿ ತೊಡಗಿದಾಗ ಜಾನ್ಸನ್ನನ ದೇಹ ಶಾಂತವಾಗಿರುತ್ತಿತ್ತು. ಮೌನದಲ್ಲಿ ಗತಜೀವನದ ತಪ್ಪುಗಳು ಮನಸ್ಸಿಗೆ ನುಗ್ಗಿ ಆ ಚೇಷ್ಟೆಗಳನ್ನು ಕೆರಳಿಸುತ್ತವೆಂದು ಆತನ ಊಹೆ.

1885ರಲ್ಲಿ ಫ್ರೆಂಚ್ ವೈದ್ಯ ಟುರೆಟ್ ವಿವರಿಸಿದ ನರಸಂಬಂಧವಾದ ವ್ಯಾಧಿಯೇ ಇದೆಂದು ಇಂದಿನ ಅನೇಕ ವೈದ್ಯರ ಅಭಿಪ್ರಾಯ. ಚಿಂತೆಯೊಂದೇ ಅದನ್ನು ಹುಟ್ಟಿಸದು. ಆದರೆ ಚಿಂತೆ ಬಲಿತಂತೆ ಅದೂ ಬಲಿಯುತ್ತದೆ, ಮನಸ್ಸು ಒಂದರಲ್ಲಿ ನೆಟ್ಟಾಗ ತಗ್ಗುತ್ತದೆ.

ಏಕಾಂತಕ್ಕೆ ಅಂಜಿದ ಜಾನ್ಸನ್ ರಾತ್ರಿ ಬಹಳ ಹೊತ್ತು ಗೆಳೆಯರನ್ನು ಬಿಟ್ಟೇಳುತ್ತಿರಲಿಲ್ಲ. 1784ರಲ್ಲಿ ತೀರಿಕೊಳ್ಳುವವರೆಗೂ ಮಾತೇ ಆತನ ಆಸರೆಯಾಗಿತ್ತು. ಲೋಕವು ವಾಕ್ಚಾತುರ್ಯವೆಂದು ಕೊಂಡಾಡಿದುದು ಆತನ ಪಾಲಿಗೆ ಔಷಧವೂ ಆಗಿತ್ತು.